‘ಡಿಎಂ ಮಾಡಿ’ ಅಂದರು ಪೊಲೀಸರು

ಮೊಬೈಲಿನ ಬಿಸಿ ಬೆಂಗಳೂರು ಪೊಲೀಸರಿಗೆ ಸರಿಯಾಗಿ ತಟ್ಟಿದ್ದು 2012ರ ಆಗಸ್ಟ್‌ನಲ್ಲಿ. ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆ ನಡೆಯುತ್ತದಂತೆ ಎಂಬ ಎಸ್ಸೆಮ್ಮೆಸ್‌ಗಳು ಹರಿದಾಡಿ, ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿ ಗುವಾಹಟಿ ರೈಲು ಹತ್ತಿದರು. ರೈಲ್ವೆಯವರು ವಿಶೇಷ ರೈಲು ಬಿಡಬೇಕಾಯಿತು. ಮಂತ್ರಿಗಳು, ಅಧಿಕಾರಿಗಳು ನಿಲ್ದಾಣಕ್ಕೇ ಬಂದು ‘ಹೆದರಬೇಡಿ, ಹೋಗಬೇಡಿ’ ಎಂದರೂ ಪ್ಲಾಟ್‌ಫಾರ್ಮಿನ ಜನ ಕರಗಲಿಲ್ಲ. ಕೊನೆಗೆ ಕೇಂದ್ರ ಸರ್ಕಾರ ಎಸ್ಸೆಮ್ಮೆಸ್‌ಗೆ ಐದರ ಮಿತಿ ಹಾಕಿತು. ವದಂತಿ ಎಲ್ಲರ ಜೇಬಿಗೂ ನೇರವಾಗಿ ಬಂದಿಳಿಯುತ್ತಿತ್ತು. ಅದು ಸುಳ್ಳು ಎಂದು ಹೇಳಲು ಪೊಲೀಸರು ಮೈಕು ಹಿಡಿಯಬೇಕಿತ್ತು, ಇಲ್ಲವೇ ಮರುದಿನದ ಪೇಪರಿಗೆ ಕಾಯಬೇಕಿತ್ತು.

ಹಾಗೆಂದು ಜಾಲತಾಣ ಪೊಲೀಸರಿಗೆ ಹೊಸದೇನೂ ಆಗಿರಲಿಲ್ಲ. ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮುಂಚೆ, 2010ರಲ್ಲಿ ದೆಹಲಿ ಸಂಚಾರ ಪೊಲೀಸರು ಫೇಸ್‌ಬುಕ್ ಪುಟ ತೆರೆದರು. ಜನ ನಿಯಮ ಮುರಿದವರ ಫೋಟೊಗಳನ್ನು ರಾಶಿ ಹಾಕಿದರು. ನಿಯಮ ಮುರಿದ ಪೊಲೀಸರನ್ನೂ ಬಿಡಲಿಲ್ಲ. ಬೆಂಗಳೂರಿನ ಸಂಚಾರ ಪೊಲೀಸರೂ ಅದೇ ದಾರಿ ಹಿಡಿದರು. ಜಂಕ್ಷನ್‌ನಲ್ಲಿ ರಸೀದಿ ಪುಸ್ತಕದ ಬದಲು ಬ್ಲ್ಯಾಕ್‌ಬೆರಿ ಹಿಡಿದು ದಂಡ ಹಾಕಲು ಅವರು ಆಗಲೇ ಕಲಿತಿದ್ದರು.

ಎಲ್ಲ ಬಿಟ್ಟು ಸಂಚಾರ ವಿಭಾಗವೇ ಏಕೆ ಮೊದಲು? ನನಗೆ ತೋರುವ ಉತ್ತರ ಸರಳ. ಅಲ್ಲಿ ಎಫ್‌ಐಆರ್ ಇಲ್ಲ, ಮಹಜರು ಇಲ್ಲ, ಸಾಕ್ಷಿಯ ಹಿಂದೆ ಅಲೆಯುವುದಿಲ್ಲ. ಜನಾಗ್ರಹ ಸಂಸ್ಥೆಯ ಜೊತೆಗೂಡಿ 2015ರಲ್ಲಿ ತಂದ ‘ಪಬ್ಲಿಕ್ ಐ’ ಆ್ಯಪ್ ನೋಡಿ. ಹೆಲ್ಮೆಟ್ ಇಲ್ಲದ ಸವಾರನದೋ ಫುಟ್‌ಪಾತ್ ಮೇಲೆ ನಿಲ್ಲಿಸಿದ ಕಾರಿನದೋ ಫೋಟೊ ತೆಗೆದು, ಜಾಗ ಗುರುತಿಸಿ ಕಳಿಸಿದರೆ ಸಾಕಿತ್ತು. ಸಿಬ್ಬಂದಿ ಪರಿಶೀಲಿಸುತ್ತಿದ್ದರು, ನಂಬರ್ ಪ್ಲೇಟ್ ನೋಡಿ ಮಾಲೀಕರ ವಿಳಾಸಕ್ಕೆ ನೋಟಿಸು ಹೋಗುತ್ತಿತ್ತು. ಪೊಲೀಸರಿಗೆ ಕೆಲಸ ಹಗುರ, ಖಜಾನೆಗೆ ದಂಡ, ಕಳಿಸಿದವರಿಗೆ ಒಂದಿಷ್ಟು ಸಮಾಧಾನ. (ಪಕ್ಕದ ಮನೆಯವನ ಮೇಲಿನ ಸಿಟ್ಟು ತೀರಿಸಿಕೊಂಡವರೂ ಇರಬಹುದೆನ್ನಿ.)

ಠಾಣೆಯ ಪೊಲೀಸರು ಮಾತಿಗೆ ಸಿಕ್ಕಿದ್ದು ಟ್ವಿಟರ್ ಬಂದ ಮೇಲೆ. 2014ರ ಜುಲೈನಲ್ಲಿ ಕಮಿಷನರ್ ಆದ ಎಂ.ಎನ್. ರೆಡ್ಡಿ ಅದನ್ನು ಉತ್ಸಾಹದಿಂದ ಬಳಸಿದರು. ಕಮಿಷನರ್ ಕಚೇರಿಯ ಗೇಟು ದಾಟಲು ಧೈರ್ಯವಿಲ್ಲದವರೂ ಅವರನ್ನು ನೇರವಾಗಿ ಕೇಳಬಹುದಾಯಿತು. ಬರಬರುತ್ತಾ ಭಾಷೆಯೂ ಬದಲಾಯಿತು. ಸಿನಿಮಾ ಡೈಲಾಗು, ಮೀಮು, ತಮಾಷೆ ಎಲ್ಲ ಸೇರಿತು. 2018ರಲ್ಲಿ ಚಲಿಸುವ ಕಾರಿನಿಂದ ಇಳಿದು ಕುಣಿಯುವ ‘ಕಿಕಿ’ ಹುಚ್ಚು ಹಬ್ಬಿದಾಗ, ರಸ್ತೆಯಲ್ಲಿ ಕುಣಿದರೆ ಕಂಬಿ ಎಣಿಸಬೇಕಾದೀತು ಎಂಬರ್ಥದಲ್ಲಿ ಕಿಚಾಯಿಸಿದ ಪೋಸ್ಟು ದೇಶದ ತುಂಬ ಓಡಾಡಿತು.

ಮೀಮಿನಷ್ಟು ಚುರುಕು ದೂರಿಗೆ ಬರಲಿಲ್ಲ. ನಗರ ಪೊಲೀಸರ ಖಾತೆಗೆ ಏನಾದರೂ ಬರೆದು ನೋಡಿ. ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ ತೆರ: ನಿಮ್ಮ ಏರಿಯಾ ಮತ್ತು ಮೊಬೈಲ್ ನಂಬರ್ ಡಿಎಂ (ಖಾಸಗಿ ಸಂದೇಶ) ಮಾಡಿ. ಆಮೇಲೆ ಸಂಬಂಧಪಟ್ಟ ಠಾಣೆಯನ್ನು ಟ್ಯಾಗ್ ಮಾಡುತ್ತಾರೆ. ಠಾಣೆಯಿಂದ ಫೋನ್ ಬರುತ್ತದೆ: ಬಂದು ಲಿಖಿತ ದೂರು ಕೊಡಿ. ಹೋದರೆ ಅಲ್ಲಿ ಅದೇ ರೈಟರ್, ಅದೇ ಬೆಂಚು, ಕೆಲವೊಮ್ಮೆ ‘ಇದು ನಮ್ಮ ಲಿಮಿಟ್ಸ್ ಅಲ್ಲ’ ಎಂಬ ಅದೇ ಮಾತು. ಆದರೂ ಲಾಭವಿಲ್ಲ ಎನ್ನಲಾರೆ. ದೂರು ಎಷ್ಟು ಗಂಟೆಗೆ ಹೋಯಿತು, ಯಾವ ಠಾಣೆಗೆ ದಾಟಿಸಿದರು ಎಂಬುದು ಊರಿಗೆಲ್ಲ ಕಾಣುತ್ತದೆ. ಬೆಂಚಿನ ಮೇಲೆ ಕೂತು ಕಾದದ್ದಕ್ಕೆ ಅಂಥ ದಾಖಲೆ ಎಲ್ಲಿತ್ತು?

ತುರ್ತಿನ ಕತೆ ಬೇರೆ. ಮಹಿಳೆಯರಿಗಾಗಿ 2017ರಲ್ಲಿ ‘ಸುರಕ್ಷಾ’ ಆ್ಯಪ್, ಪಿಂಕ್ ಹೊಯ್ಸಳ ಗಸ್ತು ವಾಹನಗಳು ಬಂದವು. ಬಳಿಕ ನಿರ್ಭಯಾ ನಿಧಿಯ ನೆರವಿನಿಂದ ತುರ್ತು ಕರೆಯ ಸಂಖ್ಯೆ 112 ಬಂದು, ತಲೆಮಾರುಗಳು ಬಾಯಿಪಾಠ ಮಾಡಿಕೊಂಡಿದ್ದ 100ರ ಜಾಗ ಹಿಡಿಯಿತು. ಆದರೆ ವದಂತಿಯ ಓಟ ಇನ್ನೂ ಜೋರಾಗಿತ್ತು. 2018ರ ಮೇನಲ್ಲಿ ಮಕ್ಕಳ ಕಳ್ಳ ಎಂಬ ವಾಟ್ಸ್‌ಆ್ಯಪ್ ಸುಳ್ಳನ್ನು ನಂಬಿದ ಗುಂಪು ಚಾಮರಾಜಪೇಟೆಯಲ್ಲಿ ಒಬ್ಬ ಅಮಾಯಕನನ್ನು ಹೊಡೆದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಬ್ಬರು ಬಲಿಯಾದರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡಿಗೆ ಮಿತಿ ಘೋಷಿಸಿತು. ಅದೂ ಐದೇ.

ದುಡ್ಡಿನ ಮೋಸದಲ್ಲಿ ಮಾತ್ರ ಗಡಿಯಾರವೇ ಪೊಲೀಸರನ್ನು ಓಡಿಸಿತು. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಆದರೆ ಠಾಣೆಗೆ ಹೋಗಿ ದೂರು ಬರೆಯುವಷ್ಟರಲ್ಲಿ ಹಣ ನಾಲ್ಕು ಖಾತೆ ದಾಟಿರುತ್ತದೆ. 2021ರಲ್ಲಿ ಬಂದ ರಾಷ್ಟ್ರೀಯ ಸಹಾಯವಾಣಿ (ಈಗ ಅದರ ಸಂಖ್ಯೆ 1930) ಪೊಲೀಸರನ್ನೂ ಬ್ಯಾಂಕುಗಳನ್ನೂ ಒಂದೇ ಜಾಲಕ್ಕೆ ಕಟ್ಟಿತು. ಮೊದಲು ಹಣ ತಡೆಹಿಡಿ, ಕಾಗದ ಆಮೇಲೆ. ಇಡೀ ಕತೆಯಲ್ಲಿ ಜನರ ಕಡೆಯಿಂದ ಯೋಚಿಸಿ ಮಾಡಿದ ವ್ಯವಸ್ಥೆ ಎಂದರೆ ನನ್ನ ಮಟ್ಟಿಗೆ ಇದೇ.

ಎಫ್‌ಐಆರ್ ಸರದಿ ಕೊನೆಗೆ ಬಂತು. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಿ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು (ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ). ದೂರನ್ನೇ ಆನ್‌ಲೈನ್‌ನಲ್ಲಿ ಕೊಡುವ ಹಕ್ಕು ಕಾನೂನಿನ ಪುಸ್ತಕ ಸೇರಿದ್ದು 2024ರ ಜುಲೈ 1ರಂದು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಾದಾಗ. ಸಂಚಾರದ ದೂರು ಆನ್‌ಲೈನ್ ಆಗಿ ಎಷ್ಟು ವರ್ಷದ ಮೇಲೆ, ನೀವೇ ಲೆಕ್ಕ ಹಾಕಿ.

ಹಾಗಾಗಿ ಟ್ವೀಟ್ ಮಾಡಿದಿರೆಂದು ಸುಮ್ಮನೆ ಕೂರಬೇಡಿ, ಅದು ಎಫ್‌ಐಆರ್ ಅಲ್ಲ. ಹಣ ಹೋದರೆ ಮೊದಲು 1930ಕ್ಕೆ ಕರೆ ಮಾಡಿ. ಆನ್‌ಲೈನ್‌ನಲ್ಲಿ ಕೊಟ್ಟ ದೂರಿಗೆ ಮೂರು ದಿನದೊಳಗೆ ಸಹಿ ಹಾಕಿ, ಇಲ್ಲವಾದರೆ ಅದು ದಾಖಲೆಗೆ ಬರುವುದಿಲ್ಲ. ಎಫ್‌ಐಆರ್ ಪ್ರತಿಯನ್ನು ಕೇಳಿ ಪಡೆಯಿರಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ.