ಜಿಪ್ಸಿಯ ಪರಕಾಯ ಪ್ರವೇಶ

ಮಲೆನಾಡೆಂದೊಡನೆ ನಮ್ಮ ಸಾಹಿತ್ಯಪ್ರಿಯರ ಕಣ್ಣಮುಂದೆ ಮಂಜು ಮುಸುಕಿದ ಬೆಟ್ಟಸಾಲು, ಕಾಫಿಯ ಬೆಳ್ಳನೆಯ ಹೂವು, ಹೇಮಾವತಿಯ ತಿರುವು ಇವೇ ಮೊದಲು ಸುಳಿಯುತ್ತವೆ. ಸುಳಿಯಲಿ, ತಪ್ಪೇನಿಲ್ಲ. ಆದರೆ ಸಕಲೇಶಪುರ, ಆಲೂರು ಸೀಮೆಯಲ್ಲಿ ಹುಟ್ಟಿ ಬೆಳೆದವರ ನೆನಪಿನಲ್ಲಿ ಹಕ್ಕಿಯ ಉಲಿಗಿಂತ ಮುಂಚೆ ಕೇಳಿಸುವುದು ಜೀಪಿನ ಸದ್ದು. ತಿರುವಿನಾಚೆಯಿಂದ ಏರಿ ಬರುತ್ತಿರುವ ಜೀಪು ಯಾರ ತೋಟದ್ದೆಂಬುದನ್ನು ಜಗುಲಿಯ ಮೇಲೆ ಕುಳಿತೇ ಹೇಳಬಲ್ಲ ಹಿರಿಯರನ್ನು ನಾನು ಕಂಡಿದ್ದೇನೆ. ರಾಗದ ಮೊದಲ ಎಳೆಯಲ್ಲೇ ಗಾಯಕನನ್ನು ಗುರುತಿಸುವ ರಸಿಕರ ವಿದ್ಯೆಗಿಂತ ಅದು ಕಡಿಮೆಯದೆಂದು ನನಗೆ ತೋರುವುದಿಲ್ಲ.

ಆ ಜೀಪುಗಳ ಒಡಲಿನ ಕಥೆ ಬೇರೆಯೇ ಉಂಟು. ಎರಡನೆಯ ಮಹಾಯುದ್ಧದಲ್ಲಿ ಹೆಸರು ಮಾಡಿದ ವಿಲ್ಲೀಸ್ ಜೀಪನ್ನು, ದೇಶಕ್ಕೆ ಸ್ವಾತಂತ್ರ್ಯ ಬಂದ ಕಾಲದಲ್ಲಿ ಮಹೀಂದ್ರಾ ಸಂಸ್ಥೆಯವರು ಮುಂಬಯಿಯಲ್ಲಿ ಜೋಡಿಸತೊಡಗಿದರು. ಅದರದು ಸುಮಾರು 2.2 ಲೀಟರಿನ ಪೆಟ್ರೋಲ್ ಎಂಜಿನ್ನು. ಗಟ್ಟಿಮುಟ್ಟಾದುದೇ ಸರಿ, ಆದರೆ ಎರಡು ದುರ್ಗುಣಗಳಿದ್ದುವು. ಕುಡಿಯುವುದು ಹೆಚ್ಚು, ಮಳೆಗೆ ಹೆದರುವುದು ಇನ್ನೂ ಹೆಚ್ಚು. ಆಷಾಢದ ಮಳೆಯಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಒಂದಿಷ್ಟು ತೇವ ಹೊಕ್ಕರೆ ಕಿಡಿ ಸತ್ತು, ಗಾಡಿ ಏರಿನ ನಡುವೆ ನಿಂತುಬಿಡುವುದು. 1973ರ ತೈಲ ಬಿಕ್ಕಟ್ಟಿನ ಮೇಲೆ ಪೆಟ್ರೋಲಿನ ಬೆಲೆ ಏರಿತು. ತೋಟದವರು ಕಿಡಿಯ ಹಂಗಿಲ್ಲದ ಡೀಸೆಲಿನತ್ತ ಕಣ್ಣು ಹಾಯಿಸಿದರು. ಮುಂದೆ ಮಹೀಂದ್ರಾದವರೇ ಫ್ರಾನ್ಸ್ ಮೂಲದ ಪ್ಯೂಜೋ ಡೀಸೆಲ್ ಎಂಜಿನ್ನನ್ನು ಜೀಪಿಗೆ ಕೂರಿಸತೊಡಗಿದ ಮೇಲಂತೂ, ಹಳೆಯ ಪೆಟ್ರೋಲ್ ಜೀಪಿನ ಗುಂಡಿಗೆಯನ್ನು ಕಿತ್ತು ಡೀಸೆಲ್ ಗುಂಡಿಗೆಯನ್ನಿಡುವುದು ನಮ್ಮ ಕಡೆಯ ಮೇಸ್ತ್ರಿಗಳಿಗೆ ಕರಗತವಾದ ಕೆಲಸವಾಯಿತು. ಅದನ್ನು ಅವರಿಗೆ ಕಲಿಸಿದ್ದು ಯಾವ ಕಾಲೇಜೂ ಅಲ್ಲ. ಮಳೆ ಮತ್ತು ಮನೆಯ ಲೆಕ್ಕದ ಪುಸ್ತಕ.

ಇಷ್ಟು ಪೀಠಿಕೆ ಏತಕ್ಕೆಂದರೆ, ಈಚೆಗೆ ನಾನು ಹತ್ತಿರದಿಂದ ಕಂಡ ಎಂಜಿನ್ ಬದಲಾವಣೆಯೊಂದು ತೋಟದ ಕೆಲಸಕ್ಕಾಗಿ ನಡೆದುದಲ್ಲ, ಪಂದ್ಯಕ್ಕಾಗಿ ನಡೆದುದು. ಕೈಗಳು ಮಾತ್ರ ಅವೇ ಹಳೆಯ ಕೈಗಳು.

ಕಾಫಿ ಸೀಮೆಯ ತರುಣರಿಗೆ ಮೋಟಾರು ಪಂದ್ಯದ ಹುಚ್ಚು ಹೊಸದಲ್ಲ. ಒಂದು ಕಾಲಕ್ಕೆ ಅದಕ್ಕಾಗಿ ಮದರಾಸಿನ ಬಳಿಯ ಶೋಲಾವರಂಗೆ ಹೋಗಬೇಕಾಗಿತ್ತು. ಯುದ್ಧಕಾಲದ ವಿಮಾನಪಟ್ಟಿಯೇ ಅಲ್ಲಿ ಪಂದ್ಯದ ಪಥ. ಆದರೆ ನಮ್ಮವರಿಗೆ ಒಗ್ಗಿದುದು ಡಾಂಬರಿನ ಪಥವಲ್ಲ, ಮಣ್ಣಿನ ಹಾದಿ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಒಂದು ಸುತ್ತು ಚಿಕ್ಕಮಗಳೂರಿನ ತೋಟಗಳ ನಡುವೆಯೇ ನಡೆಯಿತು. ಆ ವರ್ಷದ ಪ್ರಶಸ್ತಿ ಗೌರವ್ ಗಿಲ್ ಅವರಿಗೆ ಸಂದಿತು. ಅದನ್ನು ನೋಡಲು ಹೋದ ನನ್ನ ಅಕ್ಕನ ಮಗ ಬರಿಗೈಯಲ್ಲಿ ಹಿಂದಿರುಗಲಿಲ್ಲ, ಹುಚ್ಚನ್ನು ಹಚ್ಚಿಕೊಂಡು ಬಂದ. ಮನೆಯಲ್ಲಿದ್ದ ಹಳೆಯ ಜಿಪ್ಸಿ ಅಂದಿನಿಂದ ಅವನದಾಯಿತು. ಒಳಗೆ ಉಕ್ಕಿನ ಕೊಳವೆಗಳ ಪಂಜರ ಕಟ್ಟಿಸಿದ. ಹಿಂದಿನ ಸೀಟು ಹೊರಕ್ಕೆ ಹೋಯಿತು. ಮಣ್ಣಿನ ಪಥದ ಸಣ್ಣಪುಟ್ಟ ಪಂದ್ಯಗಳಲ್ಲಿ ಓಡಿಸಿ, ಸೋತು, ಮತ್ತೆ ಓಡಿಸಿದ.

ಆ ಜಿಪ್ಸಿ ತೊಂಬತ್ತರ ದಶಕದ ಕೊನೆಯದು. ಎಂಟು ಕವಾಟ, ಕಾರ್ಬ್ಯುರೇಟರು, 1,298 ಸಿ.ಸಿ., ಸುಮಾರು 60 ಅಶ್ವಶಕ್ತಿ. ಅದೇ ಮನೆತನದ, ಅದೇ ಗಾತ್ರದ, ಆದರೆ ಹದಿನಾರು ಕವಾಟಗಳ ಇಂಜೆಕ್ಷನ್ ಎಂಜಿನ್ನು ಎಸ್ಟೀಮ್ ಕಾರಿನಲ್ಲಿ ಬರುತ್ತಿತ್ತು. ಅದರ ಶಕ್ತಿ 80ಕ್ಕೂ ಮಿಕ್ಕಿದುದು. ಹಳೆಯ ಎಂಜಿನ್ನು ಹೊಗೆಯುಗುಳತೊಡಗಿದಾಗ ಹುಡುಗ ಬೆಂಗಳೂರಿನ ಗುಜರಿಯಿಂದ ಅಂಥದೊಂದನ್ನು ತಂದು ಕೊಟ್ಟಿಗೆಯಲ್ಲಿಳಿಸಿದ. ಪಂದ್ಯಕ್ಕೆ ಆಗ ಹನ್ನೆರಡು ದಿನವಿತ್ತು.

ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕ ಐತಿಹ್ಯವನ್ನು ನಾವೆಲ್ಲ ಕೇಳಿದ್ದೇವೆ. ಆ ಕಥೆಯಲ್ಲಿ ನನ್ನನ್ನು ಯಾವಾಗಲೂ ಸೆಳೆದವರು ಗುರುವಿನ ಬರಿದಾದ ದೇಹವನ್ನು ಗುಹೆಯಲ್ಲಿ ಕಾಯುತ್ತ ಕುಳಿತ ಶಿಷ್ಯರು. ನಮ್ಮ ಮೇಸ್ತ್ರಿಗಳು ಆ ಶಿಷ್ಯರ ಪಂಗಡದವರು. ಹಳೆಯ ಎಂಜಿನ್ನನ್ನು ಇಳಿಸಿದೊಡನೆ ಹುಡುಗ ಅದನ್ನು ಮಾರುವ ಮಾತೆತ್ತಿದ. ಅವರು ಒಪ್ಪಲಿಲ್ಲ, ಎಣ್ಣೆ ಸವರಿ, ಟಾರ್ಪಾಲು ಹೊದಿಸಿ ಮೂಲೆಯಲ್ಲಿರಿಸಿದರು.

ಇಂಥ ಬದಲಾವಣೆಗೆ ಕಾನೂನಿನ ಕಣ್ಣೂ ಉಂಟು. ರಸ್ತೆಯಲ್ಲಿ ಓಡುವ ವಾಹನವನ್ನು ಮನಬಂದಂತೆ ಮಾರ್ಪಡಿಸಲು 1988ರ ಮೋಟಾರು ವಾಹನ ಕಾಯಿದೆ ಅವಕಾಶ ಕೊಡುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತಷ್ಟು ಬಿಗಿಯಾಗಿ ಹೇಳಿತು. ಆದಕಾರಣ ಪಂದ್ಯದ ಗಾಡಿ ಪಂದ್ಯದ ಪಥದಲ್ಲಿ ಮಾತ್ರ ಓಡಬೇಕು, ಅಲ್ಲಿಯವರೆಗೆ ಲಾರಿಯ ಮೇಲೆ ಹೋಗಬೇಕು. ಕುದುರೆ ಪಲ್ಲಕ್ಕಿಯಲ್ಲಿ ಹೋದಂತೆ ಎಂದು ನನ್ನ ಅಕ್ಕ ನಗುತ್ತಿದ್ದಳು.

ಕೆಲಸ ನಡೆದದ್ದು ಕಾಫಿ ಮೂಟೆಗಳನ್ನಿಡುವ ಕೊಟ್ಟಿಗೆಯಲ್ಲಿ. ಹಣ್ಣಿನ ಕೊಯ್ಲು ಇನ್ನೂ ಮೊದಲಾಗಿರಲಿಲ್ಲವಾದ್ದರಿಂದ ಜಾಗ ಖಾಲಿಯಿತ್ತು. ಹೊನ್ನೆಯ ತೊಲೆಗೆ ಚೈನ್ ಬ್ಲಾಕ್ ಕಟ್ಟಿ, ಎಂಜಿನ್ನನ್ನು ಗೇಣುಗೇಣಾಗಿ ಇಳಿಸಿದರು. ನೋಡುವವರಿಗೆ ಇದೇ ದೊಡ್ಡ ಕೆಲಸವೆನಿಸುತ್ತದೆ. ವಾಸ್ತವವಾಗಿ ಇದು ಒಂದು ಮಧ್ಯಾಹ್ನದ ಮಾತು. ಅಸಲು ಸಂಕಟ ಆಮೇಲೆ.

ಎಸ್ಟೀಮಿನಲ್ಲಿ ಎಂಜಿನ್ನು ಅಡ್ಡಲಾಗಿ ಮಲಗಿರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಹೀಗಾಗಿ ಅದನ್ನು ಹೊರುವ ಆಧಾರಗಳನ್ನು ಹೊಸದಾಗಿಯೇ ಮಾಡಬೇಕಾಯಿತು. ಕೆಳಗಿನ ಎಣ್ಣೆತೊಟ್ಟಿ ಮುಂದಿನ ಆಕ್ಸಲಿಗೆ ತಾಕುವಂತಿದ್ದುದರಿಂದ, ಹಳೆಯ ಎಂಜಿನ್ನಿನ ತೊಟ್ಟಿಯನ್ನೇ ಕಳಚಿ ಹೊಸದಕ್ಕೆ ಹೊಂದಿಸಿದರು. ಮೂಲೆಯಲ್ಲಿದ್ದ ಕಳೇಬರ ಹೀಗೆ ಮೊದಲ ದಿನವೇ ಉಪಕಾರಕ್ಕೆ ಬಂತು. ಕ್ಲಚ್ಚಿನ ತಟ್ಟೆಯನ್ನು ನಟ್ಟನಡುವೆ ನಿಲ್ಲಿಸದೆ ಹೋದರೆ ಗೇರ್‌ಬಾಕ್ಸಿನ ದಂಡ ಒಳಹೋಗುವುದಿಲ್ಲ. ಅದಕ್ಕೆ ಮೇಸ್ತ್ರಿಗಳು ಬಳಸಿದುದು ಯಾವುದೋ ಸತ್ತ ಗೇರ್‌ಬಾಕ್ಸಿನಿಂದ ಕಿತ್ತಿರಿಸಿದ್ದ ದಂಡ. ಅದನ್ನು ತೂರಿಸಿ, ಕಣ್ಣು ಮುಚ್ಚಿ, ಬೆರಳಿನಿಂದ ಅಲುಗಾಡಿಸಿ, 'ಸರಿ' ಎಂದರು. ಕಣ್ಣೇಕೆ ಮುಚ್ಚಿದಿರೆಂದು ಕೇಳಿದೆ. "ಕಣ್ ಬಿಟ್ರೆ ಬೆರಳು ಸೋಮಾರಿ ಆಗ್ತದೆ ಮೇಷ್ಟ್ರೇ" ಎಂದರು.

ತಂತಿಗಳ ಕೆಲಸ ನಾಲ್ಕು ದಿನ ಹಿಡಿಯಿತು. ಇಂಜೆಕ್ಷನ್ ಎಂಜಿನ್ನಿಗೆ ಮಿದುಳೊಂದು ಬೇರೆಯೇ ಇದೆ. ಬಿಸಿ ಎಷ್ಟು, ಗಾಳಿ ಎಷ್ಟು, ದಂಡ ಯಾವ ಮಗ್ಗುಲಲ್ಲಿದೆ ಎಂಬ ವರದಿ ಅದಕ್ಕೆ ಸದಾ ತಲುಪುತ್ತಿರಬೇಕು. ಹೆಣ್ಣುಮಗಳ ಜಡೆಯಷ್ಟು ದಪ್ಪನೆಯ ತಂತಿಯ ಕಟ್ಟನ್ನು ನೆಲದ ಮೇಲೆ ಹರಡಿಕೊಂಡು, ಹುಡುಗ ಒಂದೊಂದಕ್ಕೂ ಚೀಟಿ ಅಂಟಿಸಿದ. ಮೊದಲ ಸಲ ಕೀಲಿ ತಿರುಗಿಸಿದಾಗ ಎಂಜಿನ್ನು ಕೆಮ್ಮಿ ಸುಮ್ಮನಾಯಿತು. ಮೇಸ್ತ್ರಿಗಳು ಮಿದುಳನ್ನು ಮುಟ್ಟಲಿಲ್ಲ. ಅರ್ಥಿಂಗ್ ತಂತಿ ಕೂತಿದ್ದ ಕಡೆ ಬಣ್ಣವನ್ನು ಕೆರೆದು, ಬರಿಯ ಕಬ್ಬಿಣ ಹೊಳೆಯುವಂತೆ ಮಾಡಿ, ಮತ್ತೆ ಬಿಗಿದರು. ಎಂಜಿನ್ನು ಎದ್ದಿತು. ಆಮೇಲೆ ಗಾಡಿಯ ಮೂತಿಯನ್ನು ಏರಿನ ಕಡೆ ಮಾಡಿ ನಿಲ್ಲಿಸಿ, ನೀರಿನ ಕೊಳವೆಗಳಲ್ಲಿ ಸಿಕ್ಕಿಕೊಂಡಿದ್ದ ಗಾಳಿಯನ್ನು ಹೊರಬಿಟ್ಟರು. ಏರಿಗೆ ನಮ್ಮಲ್ಲಿ ಬರವೇ?

ಅಂದು ಗುರುವಾರ. ಶನಿವಾರ ಬೆಳಿಗ್ಗೆ ಚಿಕ್ಕಮಗಳೂರಿನ ಕಡೆ ವಾಹನಗಳ ತಪಾಸಣೆ, ಭಾನುವಾರ ಪಂದ್ಯ. ಎಲ್ಲ ಮುಗಿಯಿತೆಂದುಕೊಂಡು ಶುಕ್ರವಾರ ಮಧ್ಯಾಹ್ನ ನಾನು ಕಾಫಿ ಕುಡಿಯುತ್ತಿದ್ದಾಗ ಕೊಟ್ಟಿಗೆಯಲ್ಲಿ ಸದ್ದು ನಿಂತಿತು. ಹೋಗಿ ನೋಡಿದರೆ ಮೇಸ್ತ್ರಿಗಳು ಪೆಟ್ರೋಲ್ ಪೈಪಿನ ಒಂದು ಕೀಲನ್ನು ಬೆರಳಿನಿಂದ ಸವರಿ ಮೂಸುತ್ತಿದ್ದರು.

"ಬೆವರ್ತಾ ಐತೆ, ಸಣ್ ಗೌಡ್ರೇ. ಗಾಡಿ ಲಾರಿ ಹತ್ತಾಕಿಲ್ಲ."

"ಕ್ಲಿಪ್ ಇನ್ನೊಂದ್ ಸುತ್ತು ಬಿಗಿ ಮಾಡಿದ್ರೆ ಆಯ್ತಲ್ಲ ಮೇಸ್ತ್ರಿ. ನಾಳೆ ಎಂಟು ಗಂಟೆಗೆ ಅಲ್ಲಿರ್ಬೇಕು."

"ಕಾರ್ಬ್ಯುರೇಟರ್ ಆಗಿದ್ರೆ ನಾನೇ ಬಿಗಿ ಮಾಡಿ ಕಳಿಸ್ತಿದ್ದೆ. ಇದು ಚಿಮ್ಮೋ ಪೆಟ್ರೋಲು. ಕೆಳಗೆ ಕಾದ ಪೈಪು. ನಿಮ್ ತಾಯಿ ಮುಂದೆ ನಾ ಏನಂತ ನಿಂತ್ಕಳ್ಳಿ?"

ಅವರ ಮಾತಿನ ಹಿಂದಿನ ಲೆಕ್ಕ ಇಷ್ಟು: ಕಾರ್ಬ್ಯುರೇಟರಿಗೆ ಪೆಟ್ರೋಲು ಕಾಲು ಬಾರಿನಷ್ಟು ಒತ್ತಡದಲ್ಲಿ ಬಂದರೆ ಸಾಕು. ಇಂಜೆಕ್ಷನ್ನಿಗೆ ಎರಡೂವರೆಯಿಂದ ಮೂರು ಬಾರ್ ಬೇಕು. ಅದೇ ಕೀಲಿನ ಮೇಲೆ ಹತ್ತುಪಟ್ಟು ಬಲ. ಮೊದಲಿನದರಲ್ಲಿ ತೊಟ್ಟಿಕ್ಕುವ ಸೋರಿಕೆ ಎರಡನೆಯದರಲ್ಲಿ ತುಂತುರಾಗುತ್ತದೆ. ತುಂತುರು ಕಾದ ಕಬ್ಬಿಣದ ಮೇಲೆ ಬಿದ್ದರೆ, ಪಂಜರದೊಳಗೆ ಪಟ್ಟಿಗಳಿಂದ ಬಿಗಿದುಕೊಂಡು ಕುಳಿತವನು ಹೊರಬರಲು ಎಷ್ಟು ಕ್ಷಣ ಬೇಕೆಂದು ಲೆಕ್ಕ ಹಾಕಬೇಕಾಗುತ್ತದೆ. ಇಂಜೆಕ್ಷನ್ನಿನದೇ ಎಂದು ಹೇಳಿ ಅಂಗಡಿಯೊಂದರವರು ಕೊಟ್ಟಿದ್ದ ರಬ್ಬರಿನ ಪೈಪನ್ನು ಮೇಸ್ತ್ರಿಗಳು ಬಿಚ್ಚಿ ನನ್ನ ಕೈಗಿತ್ತರು. "ಮೈಮೇಲೆ ಅಕ್ಷರ ಇದ್ಯಾ ನೋಡಿ." ಒತ್ತಡ ತಡೆಯುವ ಪೈಪಿನ ಮೇಲೆ ಅದರ ದರ್ಜೆ ಅಚ್ಚಾಗಿರುತ್ತದಂತೆ. ಇದರ ಮೇಲೆ ಒಂದಕ್ಷರವೂ ಇರಲಿಲ್ಲ. ನಲವತ್ತು ವರ್ಷ ಅಕ್ಷರ ಕಲಿಸಿದವನಿಗೆ ಅಕ್ಷರದ ಬೆಲೆಯನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ.

ಹುಡುಗನಿಗೆ ಸಿಟ್ಟು ಬಂದಿತ್ತು. ಪ್ರವೇಶದ ಹಣ ಕಟ್ಟಿಯಾಗಿದೆ, ಹೋದ ವರ್ಷದ ಮೆಣಸಿನ ಹಣವೆಲ್ಲ ಈ ಎಂಜಿನ್ನಿಗೆ ಹೋಗಿದೆ, ಇನ್ನೊಂದು ಪಂದ್ಯಕ್ಕೆ ತಂದೆ ಒಪ್ಪುತ್ತಾರೆಂಬ ಭರವಸೆ ಇಲ್ಲ. ಇದೊಂದನ್ನೂ ಅವನು ಬಾಯಿಬಿಟ್ಟು ಹೇಳಲಿಲ್ಲ. ಪಾನಾ ನೆಲಕ್ಕೆ ಬಿದ್ದ ಸದ್ದಿನಲ್ಲಿ ಎಲ್ಲವೂ ಇತ್ತು. ಮೇಸ್ತ್ರಿಗಳು ವಾದ ಮಾಡಲಿಲ್ಲ. ಕೈ ತೊಳೆದು, ಬ್ಯಾಟರಿಯ ತಂತಿ ಕಳಚಿ ಜೇಬಿಗೆ ಹಾಕಿಕೊಂಡು, ಹಾಸನದ ಅಂಗಡಿಯೊಂದಕ್ಕೆ ಫೋನು ಮಾಡಿದರು. ಪೈಪು ಸಿಕ್ಕಿತು, ಕ್ಲಿಪ್ಪುಗಳೂ. ಸೀಳುಗಳಿರುವ ಸಾಮಾನ್ಯ ಕ್ಲಿಪ್ಪು ರಬ್ಬರನ್ನು ಕೊಯ್ಯುತ್ತದೆ, ಅಂಚು ಮಡಿಸಿದ ನುಣುಪಿನ ಕ್ಲಿಪ್ಪೇ ಬೇಕೆಂದು ಅವರು ಎರಡೆರಡು ಸಲ ಹೇಳಿದರು.

ನನ್ನ ಕಾರಿನಲ್ಲಿ ನಾವಿಬ್ಬರೂ ಹಾಸನಕ್ಕೆ ಹೋದೆವು. ಮರಳುವಾಗ ಕತ್ತಲಾಗಿತ್ತು. ಆಲೂರು, ಸಕಲೇಶಪುರಗಳ ಆನೆಗಳ ವಿಷಯ ಪತ್ರಿಕೆ ಓದುವವರಿಗೆಲ್ಲ ತಿಳಿದದ್ದೇ. ಹೆದ್ದಾರಿ ಬಿಟ್ಟು ತೋಟದ ದಾರಿಗೆ ತಿರುಗಿದ ಮೇಲೆ, ಎದುರಿನಿಂದ ಬಂದ ಆಟೋದವನು ಕೈಯಾಡಿಸಿ ನಿಲ್ಲಿಸಿದ. ದೀಪ ಆರಿಸಿ ಮುಕ್ಕಾಲು ಗಂಟೆ ಕಾದೆವು. ಬಿದಿರು ಮುರಿಯುವ ಸದ್ದು ಬಲಗಡೆಯಿಂದ ಎಡಗಡೆಗೆ ದಾಟಿತು. ಆನೆ ಮಾತ್ರ ಕಾಣಲಿಲ್ಲ. ಹುಡುಗ ಪೈಪಿನ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲಿನ ಅಕ್ಷರಗಳನ್ನು ಕತ್ತಲಲ್ಲಿ ಬೆರಳಿನಿಂದ ತಡವುತ್ತಿದ್ದ. "ಮಾವ, ಮೇಸ್ತ್ರಿ ಊಟ ಮಾಡಿರಲ್ಲ" ಎಂದ. ಅವನ ಸಿಟ್ಟು ಇಳಿದುದು ನನಗೆ ಆಗ ತಿಳಿಯಿತು.

ಹನ್ನೊಂದರ ಮೇಲೆ ಪೈಪು ಜೋಡಿಸಿದರು. ಇಪ್ಪತ್ತು ನಿಮಿಷ ಎಂಜಿನ್ನು ಓಡಿಸಿ, ನಿಲ್ಲಿಸಿ, ಮೇಸ್ತ್ರಿಗಳು ನನ್ನ ಕೈಲಿದ್ದ ಬಿಳಿಯ ಹಾಳೆಯೊಂದನ್ನು ಕೇಳಿ ಪಡೆದು ಪ್ರತಿಯೊಂದು ಕೀಲಿಗೂ ಒತ್ತಿ ನೋಡಿದರು. ಹಾಳೆ ಒಣಗಿಯೇ ಇತ್ತು. ನಾಲ್ಕು ಗಂಟೆಗೆ ಲಾರಿ ಮೂಡಿಗೆರೆಯ ದಾರಿ ಹಿಡಿಯಿತು.

ತಪಾಸಣೆಯವರು ಪಂಜರ, ಪಟ್ಟಿ, ಬೆಂಕಿಯಾರಿಸುವ ಸಿಲಿಂಡರು, ವಿದ್ಯುತ್ತು ಕಡಿಯುವ ಸ್ವಿಚ್ಚು ಎಲ್ಲವನ್ನೂ ನೋಡಿದರು. ಒಬ್ಬರು ಬಾನೆಟ್ಟಿನೊಳಗೆ ಬಗ್ಗಿ ಪೆಟ್ರೋಲ್ ಪೈಪಿನ ಮೇಲಿನ ಅಕ್ಷರಗಳನ್ನೋದಿ ಚೀಟಿ ಅಂಟಿಸಿದರು. ಪಂದ್ಯದ ವಿಷಯದಲ್ಲಿ ಹೆಚ್ಚು ಹೇಳುವಂಥದಿಲ್ಲ. ಹುಡುಗ ತನ್ನ ವರ್ಗದಲ್ಲಿ ಐದನೆಯವನಾದ. ಎರಡನೆಯ ಓಟದಲ್ಲಿ ತಿರುವೊಂದನ್ನು ಅಗಲವಾಗಿ ತೆಗೆದುಕೊಂಡದ್ದರಿಂದ ಮೂರು ಸೆಕೆಂಡು ಹೋಯಿತೆಂದು ಇಂದಿಗೂ ಹಳಹಳಿಸುತ್ತಾನೆ. ಗಾಡಿ ಧೂಳಿನಿಂದ ಹೊರಬಂದು ನಿಂತಾಗ ಎಲ್ಲರೂ ಅವನ ಕಡೆ ಓಡಿದರು. ಮೇಸ್ತ್ರಿಗಳು ಬಾನೆಟ್ಟು ಎತ್ತಿ, ಜೇಬಿನಿಂದ ಅದೇ ಹಾಳೆಯನ್ನು ತೆಗೆದು, ಮಗ್ಗುಲು ಬದಲಿಸಿ ಕೀಲಿಗೆ ಒತ್ತಿದರು. ನೋಡಿ, ಮಡಿಸಿ, ಮತ್ತೆ ಜೇಬಿಗಿಟ್ಟರು. ಸೋಮವಾರ ಪಕ್ಕದ ತೋಟದ ಪಲ್ಪರ್ ಬಿಚ್ಚುವುದಿದೆ, ಲಾರಿ ಎಷ್ಟು ಹೊತ್ತಿಗೆ ಹೊರಡುತ್ತದೆಂದು ನನ್ನನ್ನು ಕೇಳಿದರು.