ಪಾಠದ ಹಾಸು ಹೊಕ್ಕು

ದೀಪಾವಳಿ ಕಳೆದ ಮೇಲೆ ಯಾದಗಿರಿಯಿಂದ ಹೊರಟು, ಭೀಮಾ ನದಿಯ ಸೇತುವೆಯನ್ನು ದಾಟಿ, ಶಹಾಪುರದ ಮಾರ್ಗವಾಗಿ ಸುರಪುರಕ್ಕೆ ಪ್ರಯಾಣ ಮಾಡಿದವರು ಆ ದಾರಿಯ ಇಕ್ಕೆಲದ ನೋಟವನ್ನು ಮರೆಯಲಾರರು. ಕಪ್ಪು ಎರೆಭೂಮಿಯ ಮೇಲೆ ಕಾಯಿ ಒಡೆದು ನಿಂತ ಹತ್ತಿ. ಕಣ್ಣು ಹಾಯುವಷ್ಟು ದೂರವೂ ಬಿಳುಪು. ದಾರಿಹೋಕನಿಗೆ ಅದೊಂದು ಹಬ್ಬ. ಆದರೆ ಆ ಸೀಮೆಯಲ್ಲಿ ಉಪಾಧ್ಯಾಯನಾಗಿ ಬಹುಕಾಲ ಕಳೆದ ನನಗೆ ಆ ಬಿಳುಪನ್ನು ಕಂಡಾಗಲೆಲ್ಲ ಎದೆಯಲ್ಲಿ ಅಳುಕು ಮೂಡುತ್ತಿತ್ತು. ಹೊಲ ಬೆಳ್ಳಗಾದಂತೆ ನನ್ನ ಶಾಲೆ ಬರಿದಾಗುತ್ತಿತ್ತು. ಹತ್ತಿ ಬಿಡಿಸಲು ತಾಯಂದಿರೊಡನೆ ಮಕ್ಕಳೂ ಹೊರಡುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳೇ ಸಾಲುಗಟ್ಟುತ್ತಿದ್ದವು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡ 52ರಷ್ಟು ಮಾತ್ರವಾಗಿ, ಇಡೀ ರಾಜ್ಯದಲ್ಲಿ ಅದೇ ಕೊನೆಯದಾಯಿತಷ್ಟೆ. ಆ ಅಂಕಿಯ ಹಿಂದಿರುವ ಕಾರಣಗಳಲ್ಲಿ ಒಂದು ನನ್ನ ಕಣ್ಣೆದುರಿನ ಹೊಲದಲ್ಲೇ ಇತ್ತು.

ಒಂದು ವರ್ಷ ಪುಷ್ಯಮಾಸದಲ್ಲಿ ಐದನೆಯ ತರಗತಿಯ ಹುಡುಗಿಯೊಬ್ಬಳು ಎರಡು ತಿಂಗಳ ಮೇಲೆ ಶಾಲೆಗೆ ಮರಳಿ ಬಂದಳು. ಅಂದು ನಾನು ಹೂವಿನ ಭಾಗಗಳ ಪಾಠ ಮಾಡುತ್ತಿದ್ದೆ. ದಾರಿಯಲ್ಲಿ ಕಿತ್ತು ತಂದಿದ್ದ ಎರಡು ಹತ್ತಿ ಹೂವುಗಳನ್ನು ತೋರಿಸಿ, ಒಂದು ಬೆಳ್ಳಗೂ ಇನ್ನೊಂದು ಕೆಂಪಗೂ ಇರುವುದರಿಂದ ಅವು ಬೇರೆ ಬೇರೆ ಜಾತಿಯ ಗಿಡದವು ಎಂದು ಹೇಳಿಬಿಟ್ಟೆ. ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ಕುಳಿತಿದ್ದ ಆ ಹುಡುಗಿ ಮೆಲ್ಲನೆ ಎದ್ದು ನಿಂತಳು.

“ಸರ್, ಎರಡೂ ಒಂದೇ ಗಿಡದ್ದು ರೀ. ಬೆಳ್ಳಗಿದ್ದದ್ದು ಇವತ್ತು ಅರಳಿದ್ದು. ಕೆಂಪಗಿದ್ದದ್ದು ನಿನ್ನಿದು.”

ಮಾತು ನಿಜವಾಗಿತ್ತು. ಅರಳಿದ ದಿನ ಬೆಳ್ಳಗಿರುವ ಹತ್ತಿಯ ಹೂವು ಮರುದಿನ ಕೆಂಪಿಗೆ ತಿರುಗಿ ಬಾಡುತ್ತದೆ. ಎರಡು ತಿಂಗಳ ಪಾಠ ತಪ್ಪಿಸಿಕೊಂಡಳೆಂದು ಯಾರನ್ನು ಕುರಿತು ನಾನು ಮರುಗಿದ್ದೆನೋ ಅವಳು ನನಗೇ ಪಾಠ ಹೇಳಿದ್ದಳು. ಅವಳು ಕಲಿತದ್ದಕ್ಕೆ ನನ್ನ ವೇಳಾಪಟ್ಟಿಯಲ್ಲಿ ಸ್ಥಳವಿರಲಿಲ್ಲ, ಅಷ್ಟೆ. ಅಂದು ರಾತ್ರಿ ಕುಳಿತು ಮುಂದಿನ ಹದಿನೈದು ದಿನಗಳ ಪಾಠಗಳನ್ನೆಲ್ಲ ಹತ್ತಿಯೆಂಬ ಒಂದೇ ವಸ್ತುವಿನ ಸುತ್ತ ಹೊಸದಾಗಿ ಹೆಣೆದೆ.

ಇದೇನೂ ನಾನು ಕಂಡುಹಿಡಿದ ಮಾರ್ಗವಲ್ಲ. 1937ರಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಮುಂದಿಟ್ಟು, ಜಾಕಿರ್ ಹುಸೇನರ ಸಮಿತಿ ರೂಪ ಕೊಟ್ಟ ಮೂಲ ಶಿಕ್ಷಣದ ತಿರುಳೇ ಇದು. ತಕಲಿಯಲ್ಲಿ ನೂಲು ತೆಗೆಯುವ ಮಗು ಆ ನೂಲಿನ ಮೂಲಕವೇ ಲೆಕ್ಕವನ್ನೂ ಭೂಗೋಳವನ್ನೂ ಕಲಿಯಬೇಕೆಂಬುದು ಅವರ ಆಶಯ. ಆಗ ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಮುಂದೆ ನಮ್ಮ ರಾಜ್ಯದಲ್ಲಿಯೇ, 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನ ಕೋಟೆಯಲ್ಲಿ ಉಪಾಧ್ಯಾಯರು ಋಷಿವ್ಯಾಲಿಯ ಶಾಲೆಗಳನ್ನು ನೋಡಿಬಂದು ‘ನಲಿ-ಕಲಿ’ಯನ್ನು ಆರಂಭಿಸಿದರು. ಕೆಲವು ದಿನ ಗೈರುಹಾಜರಾದ ಮಗು ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದೆಂಬುದು ಅದರ ದೊಡ್ಡ ಗುಣ. ಆದರೆ ಅದು ಚಿಕ್ಕ ತರಗತಿಗಳಿಗೆ ಮೀಸಲು. ಐದನೆಯ ತರಗತಿಯ ನನ್ನ ಮಕ್ಕಳಿಗೆ ನಾನೇ ದಾರಿ ಹುಡುಕಬೇಕಾಗಿತ್ತು.

ಮೊದಲ ದಿನ ಮಕ್ಕಳು ಮುನ್ನೂರು ಗ್ರಾಂ ಹತ್ತಿಯನ್ನು ತೂಗಿ, ಕೈಯಿಂದಲೇ ಕಾಳು ಬಿಡಿಸಿದರು. ಅರಳೆ ನೂರು ಗ್ರಾಂ, ಕಾಳು ಇನ್ನೂರು ಗ್ರಾಂ ಆಸುಪಾಸಿಗೆ ಬಂದಿತು. ಮೂರರಲ್ಲಿ ಒಂದು ಪಾಲು ಎಂಬುದು ಅವರ ಅಂಗೈಯಲ್ಲೇ ಇತ್ತು. 170 ಕಿಲೊ ಅರಳೆಯ ಒಂದು ಬೇಲಿಗೆ ಎಷ್ಟು ಹತ್ತಿ ಬೇಕು? 510 ಕಿಲೊ. ಒಬ್ಬಾಕೆ ದಿನಕ್ಕೆ 30 ಕಿಲೊ ಬಿಡಿಸಿದರೆ ಎಷ್ಟು ದಿನ? ಹದಿನೇಳು. “ಹದಿನೇಳು ದಿನ ನಮ್ಮವ್ವ ಬಗ್ಗೇ ಇರಬೇಕೇನ್ರಿ?” ಎಂದು ಒಬ್ಬ ಹುಡುಗ ಕೇಳಿದ. ತರಗತಿ ಕ್ಷಣಕಾಲ ಸುಮ್ಮನಾಯಿತು.

ಬೇಲು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ನಕಾಶೆಯನ್ನು ಬಿಚ್ಚಿಸಿತು. ಮುಂಬಯಿ-ಮದರಾಸುಗಳನ್ನು ಜೋಡಿಸುವ ರೈಲುದಾರಿ 1871ರಲ್ಲಿ ಈ ಸೀಮೆಯನ್ನು ಹಾಯ್ದು ರಾಯಚೂರನ್ನು ಮುಟ್ಟಿತು. ಅದಕ್ಕೆ ಹತ್ತು ವರ್ಷ ಮೊದಲು, 1861ರಲ್ಲಿ, ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿ ಅಲ್ಲಿಯ ಹತ್ತಿ ಬಾರದೆ ಇಂಗ್ಲೆಂಡಿನ ಗಿರಣಿಗಳು ಹಿಂದೂಸ್ಥಾನದ ಕಡೆಗೆ ತಿರುಗಿದ್ದವು. ತಮ್ಮೂರ ಹೊಲಕ್ಕೂ ಏಳು ಸಮುದ್ರದಾಚೆಯ ಯುದ್ಧಕ್ಕೂ ನಂಟುಂಟೆಂದು ತಿಳಿದಾಗ ಚರಿತ್ರೆಯೆಂದರೆ ಆಕಳಿಸುತ್ತಿದ್ದ ಹುಡುಗರೂ ಕಣ್ಣರಳಿಸಿದರು. ಕನ್ನಡ ಪಾಠಕ್ಕೆ ದೂರ ಹೋಗಬೇಕಾಗಿರಲಿಲ್ಲ. ವಚನಕಾರರಲ್ಲಿ ಹಿರಿಯನಾದ ಜೇಡರ ದಾಸಿಮಯ್ಯ ಇದೇ ಸುರಪುರ ಸೀಮೆಯ ಮುದನೂರಿನವನು; ಕಾಯಕದಿಂದ ನೇಕಾರ. ಮಗ್ಗದ ಮುಂದೆ ಕುಳಿತವನೊಬ್ಬ ಕನ್ನಡಕ್ಕೆ ಅಂಥ ಮಾತುಗಳನ್ನು ಕೊಟ್ಟನೆಂಬುದು ಕೂಲಿಯವರ ಮಕ್ಕಳಿಗೆ ಸಣ್ಣ ಸಂಗತಿಯೇನಲ್ಲ.

ನನ್ನ ತಪ್ಪನ್ನೂ ಇಲ್ಲಿಯೇ ಒಪ್ಪಿಕೊಳ್ಳಬೇಕು. ಮಕ್ಕಳ ಉತ್ಸಾಹ ಕಂಡು ಹದಿನೈದು ದಿನದ ಪಾಠವನ್ನು ಒಂದೂವರೆ ತಿಂಗಳಿಗೆ ಎಳೆದೆ. ಪದ್ಯದಲ್ಲೂ ಹತ್ತಿ, ಚಿತ್ರದಲ್ಲೂ ಹತ್ತಿ, ವ್ಯಾಕರಣದಲ್ಲೂ ಹತ್ತಿ! ಕೊನೆಗೆ ಪರೀಕ್ಷೆಯಲ್ಲಿ ಮೂರನೆಯ ಒಂದಕ್ಕೆ ಆರನೆಯ ಒಂದನ್ನು ಕೂಡಿಸಲು ಹೇಳಿದರೆ ಅರ್ಧ ತರಗತಿ ಪೆನ್ಸಿಲು ಕಚ್ಚುತ್ತ ಕುಳಿತಿತು. ಹತ್ತಿಯ ಗುಡ್ಡೆ ಎದುರಿಗಿಲ್ಲದಿದ್ದರೆ ಅವರಿಗೆ ಭಿನ್ನರಾಶಿಯೇ ಇರಲಿಲ್ಲ. ಮೂಲ ಶಿಕ್ಷಣ ಹಲವು ಕಡೆ ಸೊರಗಿದ್ದಕ್ಕೆ, ಎಲ್ಲವನ್ನೂ ತಕಲಿಗೆ ಬಲವಂತವಾಗಿ ಗಂಟುಹಾಕಿದ್ದೂ ಒಂದು ಕಾರಣವಿರಬೇಕೆಂದು ಆಗ ನನಗೆ ತೋರಿತು. ದಾಸಿಮಯ್ಯನ ಮಗ್ಗವನ್ನೇ ನೆನೆಯಬಹುದು. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ತಮ್ಮಷ್ಟಕ್ಕೆ ಗಟ್ಟಿಯಾಗಿದ್ದರೆ ಮಾತ್ರ ಅಡ್ಡಲಾಗಿ ಬರುವ ಹೊಕ್ಕು ಅವುಗಳನ್ನು ಬಟ್ಟೆಯಾಗಿಸುತ್ತದೆ. ಗಣಿತ, ವಿಜ್ಞಾನ, ಭಾಷೆಗಳು ಹಾಸು. ನಾವು ಆರಿಸಿಕೊಳ್ಳುವ ವಸ್ತು ಹೊಕ್ಕು. ಮರುವರ್ಷದಿಂದ ಬೆಳಗಿನ ಒಂದು ಗಂಟೆಯನ್ನು ಬರಿಯ ಲೆಕ್ಕಕ್ಕೆಂದೇ ಎತ್ತಿಟ್ಟೆ.

ಇದಕ್ಕಿಂತ ತೀಕ್ಷ್ಣವಾದ ಆಕ್ಷೇಪವನ್ನು ನನ್ನ ಸಹೋದ್ಯೋಗಿಯೊಬ್ಬರು ಎತ್ತಿದರು. “ಹೊಲದಿಂದ ಬಿಡಿಸಿಕೊಂಡು ಬಂದ ಮಗುವಿಗೆ ಶಾಲೆಯಲ್ಲೂ ಹೊಲವನ್ನೇ ತೋರಿಸುತ್ತೀರಲ್ಲ, ಅದು ಅಲ್ಲಿಯೇ ಉಳಿಯಲಿ ಎಂದೇ?” ಎಂದರು. ಆ ಪ್ರಶ್ನೆ ನನ್ನನ್ನು ಹಲವು ರಾತ್ರಿ ಕಾಡಿತು. ಮಗುವನ್ನು ದುಡಿಮೆಗೆ ಕಳಿಸುವುದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಉತ್ತರವನ್ನು ನಾನು ಹುಡುಕಲಿಲ್ಲ. ಆ ಹುಡುಗಿಯ ತಾಯಿಯೇ ತಂದಳು.

ಒಂದು ಸಂಜೆ ಆಕೆ ಮಗಳೊಡನೆ ಶಾಲೆಯ ಕಟ್ಟೆಗೆ ಬಂದು, ಸೆರಗಿನ ಗಂಟು ಬಿಚ್ಚಿ ಮುದುಡಿದ ಚೀಟಿಗಳನ್ನು ನನ್ನ ಮುಂದಿಟ್ಟಳು. ವಾರದ ತೂಕದ ಚೀಟಿಗಳು. ಮಗಳು ಕೂಡಿ ನೋಡಿದಾಗ ಕೊಟ್ಟ ಕೂಲಿಗೂ ತೂಕಕ್ಕೂ ಹೊಂದಿರಲಿಲ್ಲವಂತೆ. “ಖರೆ ಏನ್ರಿ ಸರ್? ಈಕಿ ಹೇಳೋದು ಖರೆ ಏನ್ರಿ?” ಎಂದು ಕೇಳಿದಳು. ನಾನು ಎರಡು ಸಲ ಕೂಡಿದೆ. ಮಗಳ ಲೆಕ್ಕ ಸರಿಯಾಗಿತ್ತು. ಇಪ್ಪತ್ತೆರಡು ಕಿಲೊದ ಕೂಲಿ ಬರಬೇಕಾಗಿತ್ತು. ಆ ಹಣ ಬಂದಿತೋ ಇಲ್ಲವೋ ನಾನು ಕೇಳಲಿಲ್ಲ. ಆದರೆ ತಾಯಿ ಹೊರಡುವಾಗ ಚೀಟಿಗಳನ್ನು ತನ್ನ ಸೆರಗಿಗೆ ಕಟ್ಟಿಕೊಳ್ಳಲಿಲ್ಲ. ಮಗಳ ಪಾಟಿಚೀಲದಲ್ಲಿ ಇಟ್ಟಳು.

ಮರುವರ್ಷ ಹತ್ತಿ ಒಡೆದಾಗ ಹುಡುಗಿ ಶಾಲೆ ತಪ್ಪಿಸಲಿಲ್ಲ ಎಂದು ಬರೆಯಲು ನನಗೂ ಆಸೆಯುಂಟು. ಆದರೆ ತಪ್ಪಿಸಿದಳು: ಎರಡು ತಿಂಗಳಲ್ಲ, ಹನ್ನೊಂದು ದಿನ. ಹನ್ನೆರಡನೆಯ ದಿನ ಬೆಳಿಗ್ಗೆ ಲೆಕ್ಕದ ಗಂಟೆಗೆ ಸರಿಯಾಗಿ ಬಂದು, ಹಿಂದಿನ ಸಾಲನ್ನು ಬಿಟ್ಟು ಮುಂದೆ ಬಂದು ಕುಳಿತಳು.