ತಾರಸಿ ಮೇಲಿನ ಸೋಲಾರ್: ಲೆಕ್ಕ ಶುರುವಾಗುವುದು ಕರೆಂಟ್ ಬಿಲ್ಲಿನಿಂದ

ಕೆಂಚಾರ್ಲಹಳ್ಳಿಯಂಥ ಊರಿನಲ್ಲಿ ಮನೆ ಮೇಲಿನ ಸೋಲಾರ್ ಬಗ್ಗೆ ಎರಡು ನಂಬಿಕೆಗಳು ಅಕ್ಕಪಕ್ಕದಲ್ಲೇ ಬಾಳುತ್ತಿವೆ. ಸರ್ಕಾರವೇ ಪುಕ್ಕಟೆಯಾಗಿ ಪ್ಯಾನೆಲ್ ಹಾಕಿಕೊಡುತ್ತದೆ ಎಂಬುದು ಒಂದು. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಕರೆಂಟೇ ಪುಕ್ಕಟೆ ಸಿಗುವಾಗ ಸೋಲಾರ್ ಯಾಕೆ ಎಂಬುದು ಇನ್ನೊಂದು. ಮೊದಲನೆಯದು ಪೂರ್ತಿ ತಪ್ಪು. ಎರಡನೆಯದು ಅರ್ಧ ಸರಿ. ಆ ಅರ್ಧವನ್ನು ಸೋಲಾರ್ ಮಾರಲು ಬಂದವರು ಬಾಯಿಬಿಟ್ಟು ಹೇಳುವುದು ಅಪರೂಪ.

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಂದ ಪಿಎಂ ಸೂರ್ಯಘರ್ ಯೋಜನೆಯ ಹೆಸರಿನಲ್ಲೇ ಉಚಿತ ವಿದ್ಯುತ್ ಇರುವುದರಿಂದ ಗೊಂದಲ ಸಹಜ. ಅದು ಕೊಡುವುದು ಸಹಾಯಧನ ಮಾತ್ರ. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಒಟ್ಟು 78,000ಕ್ಕೆ ಮಿತಿ. 5 ಕಿಲೋವ್ಯಾಟ್ ಹಾಕಿಸಿದರೂ ಇದಕ್ಕಿಂತ ಒಂದು ರೂಪಾಯಿ ಹೆಚ್ಚು ಬರುವುದಿಲ್ಲ. ಈ ಹಣವೂ ಮುಂಗಡವಾಗಿ ಸಿಗುವಂಥದ್ದಲ್ಲ. ನೋಂದಾಯಿತ ಮಾರಾಟಗಾರರಿಂದ ಪ್ಯಾನೆಲ್ ಹಾಕಿಸಿ, ಬೆಸ್ಕಾಂನವರು ಪರಿಶೀಲಿಸಿ ನೆಟ್ ಮೀಟರ್ ಕೂರಿಸಿದ ಮೇಲೆ ಅರ್ಜಿದಾರರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಅಲ್ಲಿಯವರೆಗೆ ದುಡ್ಡು ಹೊಂದಿಸಬೇಕಾದವರು ಮನೆಯವರೇ. ಕೈಯಲ್ಲಿ ಹಣವಿಲ್ಲದಿದ್ದರೆ 3 ಕಿಲೋವ್ಯಾಟ್‌ವರೆಗೆ ಆಸ್ತಿ ಅಡಮಾನವಿಲ್ಲದೆ ಬ್ಯಾಂಕ್ ಸಾಲದ ವ್ಯವಸ್ಥೆಯಿದೆ, ಆದರೆ ಸಾಲ ಸಾಲವೇ. ಹಳ್ಳಿಗಳಲ್ಲಿ ಇನ್ನೊಂದು ತೊಡಕುಂಟು: ಕರೆಂಟ್ ಸಂಪರ್ಕದ ಆರ್.ಆರ್. ಸಂಖ್ಯೆ ಎಷ್ಟೋ ಮನೆಗಳಲ್ಲಿ ಇನ್ನೂ ತಾತನ ಹೆಸರಿನಲ್ಲೇ ಇರುತ್ತದೆ. ಅದನ್ನು ಮೊದಲು ಬದಲಿಸಿಕೊಳ್ಳದೆ ಅರ್ಜಿ ಹಾಕುವುದು ವ್ಯರ್ಥ ಓಡಾಟ. ರೇಷ್ಮೆ ರೀಲಿಂಗ್ ಘಟಕಕ್ಕೆಂದು ಪಡೆದ ಕೈಗಾರಿಕಾ ಸಂಪರ್ಕಕ್ಕೂ ಈ ಸಹಾಯಧನ ಇಲ್ಲ, ಇದು ಗೃಹಬಳಕೆಗೆ ಮಾತ್ರ.

ಇನ್ನು ಲಾಭದ ಮಾತು. ಸಹಾಯಧನ ಎಷ್ಟೇ ಬರಲಿ, ಹಾಕಿದ ಹಣ ಮರಳುವುದು ಉಳಿಸಿದ ಬಿಲ್ಲಿನಿಂದ. ಬಿಲ್ಲೇ ಶೂನ್ಯವಾಗಿದ್ದರೆ ಉಳಿಸುವುದು ಏನನ್ನು? 2023ರಿಂದ ನಡೆಯುತ್ತಿರುವ ಗೃಹಜ್ಯೋತಿಯಲ್ಲಿ ತಮಗೆ ನಿಗದಿಯಾದ ಮಿತಿಯೊಳಗೇ ಇರುವ ಸಣ್ಣ ಕುಟುಂಬಕ್ಕೆ ಸೋಲಾರ್ ಇವತ್ತು ಹಣದ ಲೆಕ್ಕದಲ್ಲಿ ಗಿಟ್ಟುವುದಿಲ್ಲ. ಆದರೆ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ತಿಂಗಳಿಗೆ 260 ಯೂನಿಟ್ ಉರಿಸುವ ಮನೆಯೊಂದನ್ನು ತೆಗೆದುಕೊಳ್ಳೋಣ. 2025-26ರ ಗೃಹಬಳಕೆ ದರ ಯೂನಿಟ್‌ಗೆ 5.80 ರೂಪಾಯಿ. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ ಎಂದರೆ 2 ಕಿಲೋವ್ಯಾಟ್‌ನಿಂದ ತಿಂಗಳಿಗೆ 240 ಯೂನಿಟ್, ವರ್ಷಕ್ಕೆ ಸುಮಾರು 16,700 ರೂಪಾಯಿ ಉಳಿತಾಯ. ಮಾರಾಟಗಾರ 1.40 ಲಕ್ಷ ಕೇಳಿದರೆ, 60,000 ಸಹಾಯಧನ ಕಳೆದು ಕೈಯಿಂದ ಹೋಗುವ 80,000 ಐದು ವರ್ಷದೊಳಗೆ ಹುಟ್ಟುತ್ತದೆ. ಅದೇ ಮನೆಯವರು ದೊಡ್ಡದಿರಲಿ ಎಂದು 2 ಲಕ್ಷದ 3 ಕಿಲೋವ್ಯಾಟ್ ಹಾಕಿಸಿದರೆ ಕೈಯಿಂದ ಇನ್ನೂ 42,000 ಹೋಗುತ್ತದೆ. ಅದಕ್ಕೆ ಪ್ರತಿಯಾಗಿ ಬಿಲ್ಲಿನಲ್ಲಿ ಉಳಿಯುವುದು ತಿಂಗಳಿಗೆ 20 ಯೂನಿಟ್; ಮಿಕ್ಕ ನೂರು ಯೂನಿಟ್ ಬೆಸ್ಕಾಂ ತಂತಿಗೆ ಹರಿಯುತ್ತದೆ.

ಹಾಗೆ ಹರಿದ ಕರೆಂಟನ್ನು ಮಾರಿ ದುಡ್ಡು ಮಾಡಬಹುದಲ್ಲ ಎನ್ನುವವರಿದ್ದಾರೆ. ಈ ಆಸೆಗೆ ಚರಿತ್ರೆಯ ಆಧಾರವಿದೆ. 2013ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ತಾರಸಿ ಸೋಲಾರ್‌ಗೆ ಯೂನಿಟ್‌ಗೆ 9.56 ರೂಪಾಯಿ ನಿಗದಿ ಮಾಡಿತ್ತು. ಆಗ ಪ್ಯಾನೆಲ್ ದುಬಾರಿ, ಹಾಕಿಸುವವರೂ ವಿರಳ. ಪ್ಯಾನೆಲ್ ಅಗ್ಗವಾದಂತೆ ಆಯೋಗ ದರವನ್ನೂ ಇಳಿಸುತ್ತ ಬಂತು. ಇವತ್ತು ಹೊಸದಾಗಿ ಹಾಕಿಸುವವರ ಹೆಚ್ಚುವರಿ ಯೂನಿಟ್‌ಗೆ ಸಿಗುವುದು ಅವರೇ ಬೆಸ್ಕಾಂಗೆ ಕಟ್ಟುವ ದರಕ್ಕಿಂತ ಕಡಿಮೆ. ಆದ್ದರಿಂದ ಬಳಕೆಗೆ ಸರಿಹೊಂದುವಷ್ಟೇ ಹಾಕಿಸುವುದು ಜಾಣತನ.

ಕರೆಂಟ್ ಹೋದಾಗಲಾದರೂ ಸೋಲಾರ್ ಕೈಹಿಡಿಯುತ್ತದೆ ಎಂಬುದು ಬಹುಶಃ ಎಲ್ಲಕ್ಕಿಂತ ಗಟ್ಟಿಯಾದ ತಪ್ಪು ಕಲ್ಪನೆ. ನೆಟ್ ಮೀಟರಿನ ಸಾಮಾನ್ಯ ಸೋಲಾರ್, ಲೈನ್ ಸತ್ತ ಕ್ಷಣವೇ ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು; ಇಲ್ಲದಿದ್ದರೆ ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವಕ್ಕೆ ಅಪಾಯ. ಬ್ಯಾಟರಿ ಬೇಕೆಂದರೆ ಅದರ ಖರ್ಚು ಬೇರೆ, ಅದಕ್ಕೆಂದು ಸಹಾಯಧನ ಹೆಚ್ಚುವುದಿಲ್ಲ. ತೋಟದ ಬೋರ್‌ವೆಲ್ ಮೋಟರ್ ಕೂಡ ಈ ಯೋಜನೆಗೆ ಸೇರಿಲ್ಲ. ಅದು ಕೃಷಿ ಪಂಪ್‌ಸೆಟ್‌ಗಳಿಗೆಂದೇ ಇರುವ ಕುಸುಮ್ ಯೋಜನೆಯ ಪಾಲು. 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿ ಬಳಿ ಚಾಲನೆಗೊಂಡ ಸೌರ ಘಟಕ ಆ ಬಗೆಯದು.

ಗೃಹಜ್ಯೋತಿ ನಾಳೆ ನಿಂತರೆ ಏನು ಗತಿ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಪ್ಯಾನೆಲ್ ಬಾಳುವುದು ಸುಮಾರು ಇಪ್ಪತ್ತೈದು ವರ್ಷ, ಸರ್ಕಾರದ ಯಾವ ಗ್ಯಾರಂಟಿ ಯೋಜನೆಗೂ ಅಷ್ಟು ಆಯಸ್ಸಿನ ಭರವಸೆಯಿಲ್ಲ. ಆದರೂ ಬಾರದ ಬಿಲ್ಲಿಗೆ ಹೆದರಿ ಸಾಲ ಮಾಡುವ ಅವಸರ ಬೇಡ. ಪ್ಯಾನೆಲ್ ಬೆಲೆ ವರ್ಷಗಳಿಂದ ಇಳಿಯುತ್ತಲೇ ಇದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯೂ ಶೇ 12ರಿಂದ ಶೇ 5ಕ್ಕೆ ಬಂದಿದೆ. ಫ್ರಿಜ್, ಗೀಸರ್, ಸಂಪಿನ ಮೋಟರ್ ಸೇರಿ ಬಳಕೆ 200ರ ಗಡಿ ಮುಟ್ಟುತ್ತಿರುವ ಮನೆಯವರ ಸ್ಥಿತಿ ಬೇರೆ. ಸೂರ್ಯಘರ್ ಯೋಜನೆಯ ಅವಧಿ 2026-27ರವರೆಗೆ ಎಂದಿರುವುದರಿಂದ ಅವರು ಹೆಚ್ಚು ಕಾಯದಿರುವುದು ಒಳ್ಳೆಯದು. ಅಂಥವರು ಹನ್ನೆರಡು ತಿಂಗಳ ಬಿಲ್ ಎದುರಿಗಿಟ್ಟುಕೊಂಡು ಸರಾಸರಿ ತೆಗೆದು, ಅಧಿಕೃತ ಪೋರ್ಟಲ್‌ನಲ್ಲಿ ತಾವೇ ಅರ್ಜಿ ಹಾಕಲಿ. ಪೂರ್ತಿ ಉಚಿತ ಎಂದು ಹೇಳಿ ಮುಂಗಡ ಕೇಳುವವರ ಕೈಗೆ ಮಾತ್ರ ಹಣ ಕೊಡಬೇಡಿ.